ಹನ್ನೆರಡು ಕೋಣೆಗಳ ಗಾಳಿ

ಮಾರ್ಚ್ 3, 2025, ಸೋಮವಾರ

ಕಟ್ಟುತ್ತಿರುವ ಹೊಸ ಕಟ್ಟಡಕ್ಕೆ 'ಪರಿಸರಸ್ನೇಹಿ' ಎಂಬ ಹಸಿರು ಪ್ರಮಾಣಪತ್ರ ಬೇಕೆಂದು ವರ್ಷದಿಂದ ಕುಣಿಯುತ್ತಿದ್ದ ನಮ್ಮ ಶಾಲೆಯ ಆಡಳಿತ ಮಂಡಳಿಗೆ, ಅದರ ಅರ್ಜಿ ನಲವತ್ತೆರಡು ಪುಟ ಇರುತ್ತದೆ ಎಂಬುದು ಇವತ್ತು ಗೊತ್ತಾಯಿತು. ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗಿದರು. ಬೆಟಗೇರಿಯಲ್ಲಿ ವಿಜ್ಞಾನ ಓದಿದವಳು ವಿದ್ಯಾಶ್ರೀ ಒಬ್ಬಳೇ ಎಂಬಂತೆ. ನಾನು ಬೇಡ ಎನ್ನಲಿಲ್ಲ. ಜೂನ್‌ನಲ್ಲಿ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಖಾಲಿಯಾಗುತ್ತದೆ, ಈ ಕೆಲಸ ಸರಿಯಾಗಿ ಮುಗಿದರೆ ಅದು ಬೇರೆಯವರಿಗೆ ಹೋಗುವುದಿಲ್ಲ. ದಿನಚರಿಯಲ್ಲೂ ಸುಳ್ಳು ಬರೆದರೆ ನಿಜ ಇನ್ನೆಲ್ಲಿ ಬರೆಯಲಿ?

ಹದಿನೇಳನೆಯ ಪುಟದಲ್ಲಿ 'ಕೋಣೆಗಳನ್ನು ಬಿಸಿ ಮಾಡುವ ವ್ಯವಸ್ಥೆ' ಎಂದಿತ್ತು. ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಅಜಯಕುಮಾರ ಅದನ್ನು ಬಹಳ ಗಂಭೀರವಾಗಿ ಓದಿದರು. ಚಹಾ ತಂದ ಜವಾನ ಗೋಪಣ್ಣ ಬಾಗಿಲಲ್ಲೇ ನಿಂತು, "ಗದಗಿನ್ಯಾಗ ಖೋಲಿ ಕಾಯಿಸಾಕ ಮಷೀನ್ ಯಾಕ್ರಿ? ಸೂರ್ಯಾ ಏನರ ರಜಾ ಹಾಕ್ಯಾನೇನು?" ಎಂದ. ಎಲ್ಲರೂ ನಕ್ಕರು. ಇವನದು ಎಲ್ಲದರಲ್ಲೂ ಬಾಯಿ.

ತಂಪಿನ ಪುಟ ಬಂದಾಗ ನಗು ನಿಂತಿತು. ಅಧ್ಯಕ್ಷ ಪ್ರಭುಲಿಂಗಪ್ಪನವರಿಗೆ ಎ.ಸಿ. ಬೇಕು. ನಮ್ಮ ಟ್ರಾನ್ಸ್‌ಫಾರ್ಮರ್ ಎಂಟು ಕೋಣೆಗಳ ಎ.ಸಿ.ಯನ್ನು ಮಾತ್ರ ತಡೆದುಕೊಳ್ಳುತ್ತದೆ ಎಂದು ಅಜಯಕುಮಾರ ಹೇಳಿದರು. ಹೊಸ ಕಟ್ಟಡದಲ್ಲಿ ಪೂರ್ವಕ್ಕೆ, ರಸ್ತೆಯ ಕಡೆ, ಇಂಗ್ಲಿಷ್ ಮಾಧ್ಯಮದ ಎಂಟು ಕೋಣೆ. ಪಶ್ಚಿಮಕ್ಕೆ, ಇಳಿಬಿಸಿಲಿಗೆ ಮುಖ ಕೊಟ್ಟು, ಕನ್ನಡ ಮಾಧ್ಯಮದ ಹನ್ನೆರಡು.

"ಬರೋಬ್ಬರಿ ಆತಲ್ಲ. ಎಂಟಕ್ಕ ಎಂಟು," ಎಂದರು ಅಧ್ಯಕ್ಷರು.

"ಉಳದ ಹನ್ನೆರಡಕ್ರಿ?"

"ಫ್ಯಾನ್ ಅದಾವಲ್ರಿ ಟೀಚರ."

ನೀರಿನ ಕೂಲರ್ ಹಾಕಿದರೆ ಎ.ಸಿ. ತಿನ್ನುವ ಕರೆಂಟಿನ ಹತ್ತರಲ್ಲಿ ಒಂದು ಪಾಲಿನಲ್ಲಿ ಇಪ್ಪತ್ತೂ ಕೋಣೆ ತಂಪಾಗುತ್ತವೆ, ನಮ್ಮ ಒಣ ಹವೆಗೆ ಅದೇ ತಕ್ಕದ್ದು, ಪ್ರಮಾಣಪತ್ರಕ್ಕೂ ಅದೇ ಮೇಲು ಎಂದು ನಾನು ವಾದಿಸಿದೆ. ಅಧ್ಯಕ್ಷರು ಮೀಸೆಯಲ್ಲೇ ನಕ್ಕರು. "ಈಗಿನ ಹಳೇ ಸಾಲಿಯೊಳಗಽ ಒಂದು ಖೋಲಿಗೆ ಮಾಡಿ ತೋರಸ್ರಿ. ಇಪ್ಪತ್ತೊಂದನೇ ತಾರೀಕಿಗೆ ನಾವೆಲ್ಲಾ ಬಂದು ಕುಂಡ್ರತೇವಿ. ಬೆವರು ಆರಿದ್ರ ನೀವು ಗೆದ್ರಿ. ಇಲ್ಲಂದ್ರ ಎಂಟು ಎ.ಸಿ."

ಹೊರಗೆ ಬಂದಾಗ ಏಳನೆಯ ಕನ್ನಡ ತರಗತಿಯ ರೋಜಾಳ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಬಿಸಿಲಿಗೆ ಒಂದು ವಾರದಲ್ಲಿ ಅವಳು ಮೂರನೆಯವಳು. ಹೆಸರು, ವೇಳೆ ಬರೆದುಕೊಂಡೆ. ಸಭೆಯಲ್ಲಿ ಹೇಳಲು ಒಳ್ಳೆಯ ಉದಾಹರಣೆ ಸಿಕ್ಕಂತಾಯಿತು.

ಮಾರ್ಚ್ 6, ಗುರುವಾರ

ತಗಡಿನ ಕೆಲಸದ ಅಝೀಮನ ಅಂಗಡಿಗೆ ಹೋಗಿದ್ದೆ. ನಮ್ಮ ಓಣಿಯ ಅರ್ಧ ಮನೆಗಳ ಕೂಲರ್ ಅವನ ಕೈಯವೇ. ರಂಜಾನ್ ಉಪವಾಸ ಹಿಡಿದಿದ್ದಾನೆ. ನಸುಕಿನಿಂದ ಒಂದು ಹನಿ ನೀರಿಲ್ಲದೆ, ನೀರು ಸುರಿಯುವ ಯಂತ್ರವನ್ನು ಬಗ್ಗಿ ಬಗ್ಗಿ ಪರೀಕ್ಷಿಸುತ್ತಿದ್ದ. ಕೋಣೆಯ ಅಳತೆ ಕೇಳಿದ, ಮಕ್ಕಳೆಷ್ಟು ಎಂದು ಕೇಳಿದ, ಆಮೇಲೆ ನನಗೇ ಪಾಠ ಶುರುಮಾಡಿದ.

"ಮೇಡಮ್ಮಾರ, ಎ.ಸಿ.ಗೆ ಕಿಟಕಿ ಮುಚ್ಚಬೇಕು, ಕೂಲರ್‌ಗೆ ತೆಗೀಬೇಕು. ಒಳಗ ಬಂದ ಗಾಳಿ ಹೊರಗ ಹೋಗಾಕ ಹಾದಿ ಬೇಕು ನೋಡ್ರಿ. ಇಲ್ಲಂದ್ರ ಖೋಲಿ ಅನ್ನೂದು ಬಚ್ಚಲಾ ಆಗತೈತಿ."

ಗೊತ್ತು ಎಂದೆ. ನೀರು ಆರುವಾಗ ಗಾಳಿಯ ಬಿಸಿಯನ್ನು ಹೀರುತ್ತದೆ. ಗಾಳಿ ಮೊದಲೇ ಹಸಿಯಾಗಿದ್ದರೆ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಇದನ್ನು ಹದಿನಾರು ವರ್ಷದಿಂದ ಕಲಿಸುತ್ತಿದ್ದೇನೆ.

ಮಾರ್ಚ್ 10, ಸೋಮವಾರ

ಗೆದ್ದೆ! ಹೊರಗೆ ಮೂವತ್ತೇಳು ಡಿಗ್ರಿ, ಒಳಗೆ ಇಪ್ಪತ್ತೆಂಟು. ರೋಜಾಳ ತರಗತಿಯನ್ನೇ ಆರಿಸಿಕೊಂಡಿದ್ದೆ. ಹಳೆಯ ಶಾಲೆಯಲ್ಲೂ ಕನ್ನಡ ಮಾಧ್ಯಮದ ಹನ್ನೆರಡು ಕೋಣೆ ಪಶ್ಚಿಮಕ್ಕೇ, ಆ ಸಾಲಿನಲ್ಲಿ ಅದರಷ್ಟು ಕಾಯುವ ಕೋಣೆ ಇನ್ನೊಂದಿಲ್ಲ. ಒಂದು ಕಿಟಕಿಗೆ ಕೂಲರ್, ಎದುರು ಗೋಡೆಯ ಎರಡು ಕಿಟಕಿ ತೆರೆದದ್ದು. ಮೊದಲ ದಿನವೆಂದು ಅಝೀಮ ಸಂಜೆಯವರೆಗೂ ಕಿಟಕಿಯ ಪಕ್ಕದಲ್ಲೇ ನಿಂತಿದ್ದ. ನಾನು ಆ ಕಡೆ ಹೋದರೆ, "ನೀವು ಪಾಠಾ ಮಾಡ್ರಿ, ಇದನ್ನ ನನಗ ಬಿಡ್ರಿ," ಎಂದ. ಊಟದ ಗಂಟೆ ಬಾರಿಸಿದರೂ ಮಕ್ಕಳು ಏಳಲಿಲ್ಲ.

ನಾಳೆಯಿಂದ ಗೋಪಣ್ಣನ ಜವಾಬ್ದಾರಿ. ಬೆಳಗ್ಗೆ ಟಾಕಿಗೆ ನೀರು ತುಂಬುವುದು, ಎರಡು ಕಿಟಕಿ ತೆರೆದಿಡುವುದು. ಎರಡೆರಡು ಸಲ ಹೇಳಿದೆ. ತಲೆಯಾಡಿಸಿದ. ಮಗ್ಗ ಬಿಟ್ಟು ಜವಾನನಾಗಿ ಹದಿನೈದು ವರ್ಷವಾದರೂ ಅವನ ಬೆನ್ನು ಇನ್ನೂ ಮಗ್ಗದ ಮುಂದೆ ಕೂತ ಹಾಗೆಯೇ ಬಾಗಿದೆ. ಹೇಳಿದ್ದು ತಲೆಗೆ ಹೋಯಿತೋ ಇಲ್ಲವೋ ದೇವರಿಗೇ ಗೊತ್ತು.

ಮಾರ್ಚ್ 12, ಬುಧವಾರ

ಏನೋ ಕೆಟ್ಟಿದೆ. ಹನ್ನೆರಡು ಗಂಟೆಗೆ ಆ ತರಗತಿಗೆ ನನ್ನ ವಿಜ್ಞಾನದ ಪಾಠ. ಹೋದೆ, ಚೀಲ ಇಟ್ಟೆ, ಕಿಟಕಿ ಎಳೆದುಕೊಂಡೆ, ಹಾಜರಿ ಕರೆದೆ, ಥರ್ಮಾಮೀಟರ್ ನೋಡಿದೆ. ಇಪ್ಪತ್ತೊಂಬತ್ತು ಇತ್ತು. ಪಾಠ ಮುಗಿಯುವಷ್ಟರಲ್ಲಿ ಮೂವತ್ತೊಂದು. ಮೂರು ಗಂಟೆಗೆ ಮತ್ತೆ ಹೋದರೆ ಮೂವತ್ತೆರಡು. ಕುತ್ತಿಗೆ, ಕಂಕುಳು ಎಲ್ಲ ಜಿಗಿಜಿಗಿ. ಮಕ್ಕಳ ನೋಟುಪುಸ್ತಕದ ಹಾಳೆಗಳು ಮೆತ್ತಗಾಗಿ ಶಾಯಿ ಹರಡುತ್ತಿದೆ.

ಅಝೀಮನಿಗೆ ಫೋನ್ ಮಾಡಿ ನಿನ್ನ ಯಂತ್ರದಲ್ಲೇ ದೋಷ ಎಂದೆ. ಸಂಜೆ ಬಂದು ಬಿಚ್ಚಿ ನೋಡಿದ. "ಮಷೀನ್ ಖರೇನಽ ಚಲೋ ಐತ್ರಿ," ಎಂದು ಮತ್ತೆ ಜೋಡಿಸಿ ಹೋದ.

ಮಾರ್ಚ್ 13

ಇಂದೂ ಮೂವತ್ತೆರಡು. ಬರೆಯುವ ಮನಸ್ಸಿಲ್ಲ.

ಮಾರ್ಚ್ 17, ಸೋಮವಾರ

ಕಳ್ಳ ಸಿಕ್ಕಿದ.

ಮೂರು ಗಂಟೆಗೆ ಅಳತೆ ನೋಡಲು ಹೋದರೆ ಎದುರಿನ ಎರಡೂ ಕಿಟಕಿ ಗಟ್ಟಿಯಾಗಿ ಮುಚ್ಚಿವೆ, ಚಿಲಕ ಸಹ ಹಾಕಿದೆ. ಗೋಪಣ್ಣ ಅದೇ ಹೊತ್ತಿಗೆ ನೀರಿನ ಬಕೆಟ್ ಹಿಡಿದು ಬಂದ. ನನ್ನ ಸಿಟ್ಟು ನೆತ್ತಿಗೇರಿತು. ಮಕ್ಕಳೆಲ್ಲ ಕೂತಿದ್ದಾರೆ ಎಂಬುದನ್ನೂ ನೋಡಲಿಲ್ಲ.

"ಯಾರು ಹೇಳಿದ್ರು ಮುಚ್ಚಂತ? ಎಂಟು ಖೋಲಿಗೆ ಎ.ಸಿ. ಬಂದ್ರ ನಿನಗೇನ ಸಿಗತೈತಿ? ಅಧ್ಯಕ್ಷರ ಕಡಿಂದ ಏನರ ಬಂದೈತೇನು?"

ಅವನು ಬಕೆಟ್ ಕೆಳಗಿಟ್ಟು ನೆಲ ನೋಡಿದ. "ತಪ್ಪಾತ್ರಿ ಅಕ್ಕಾರ," ಎಂದ. ಎಲ್ಲದಕ್ಕೂ ಬಾಯಿ ಹಾಕುವವನು ಅಷ್ಟು ಬೈದರೂ ಇನ್ನೊಂದು ಮಾತಾಡಲಿಲ್ಲ. ತಪ್ಪಿಲ್ಲದಿದ್ದರೆ ಯಾರಾದರೂ ಸುಮ್ಮನೆ ಇರುತ್ತಾರೆಯೇ? ರೋಜಾ ಏನೋ ಹೇಳಲು ಬಾಯಿ ತೆರೆದಳು. ಪುಸ್ತಕ ನೋಡು ಎಂದೆ.

ಮಾರ್ಚ್ 21, ಶುಕ್ರವಾರ

ಸೋತೆ.

ಹನ್ನೆರಡಕ್ಕೆ ನಾನೇ ಪಾಠ ಮಾಡಿ, ಎಲ್ಲ ಸರಿಯಿದೆ ಎಂದು ನೋಡಿ ಬಂದಿದ್ದೆ. ಒಂದೂವರೆಗೆ ಮಂಡಳಿಯವರು ಬಂದಾಗ ಕೋಣೆ ಕಬ್ಬಿನ ಗಾಣದ ಮನೆಯ ಹಾಗೆ ಬೇಯುತ್ತಿತ್ತು. ಅಧ್ಯಕ್ಷರು ಬೆಂಚಿನ ಮೇಲೆ ಕೈಯಿಟ್ಟರು, ಅಂಗೈ ಒದ್ದೆಯಾಯಿತು. ಕರವಸ್ತ್ರದಿಂದ ಒರೆಸಿಕೊಂಡು, "ಇದು ಸಾಲಿಯೋ, ಸ್ನಾನದ ಮನಿಯೋ?" ಎಂದರು. ಕಿಟಕಿಗಳು ಮತ್ತೆ ಮುಚ್ಚಿದ್ದವು.

ಜವಾನ ಬೇಕೆಂದೇ ಮುಚ್ಚುತ್ತಾನೆ ಎಂದು ನಾನು ಎಲ್ಲರೆದುರು ಹೇಳಿದೆ. ಸದಸ್ಯ ಸಕ್ರಪ್ಪನವರು ನಕ್ಕು, "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ," ಎಂದರು. ಆದರೂ ನಡಾವಳಿ ಪುಸ್ತಕದಲ್ಲಿ 'ಜವಾನನ ನಿರ್ಲಕ್ಷ್ಯ' ಎಂದು ಬರೆದುಕೊಂಡು, ಸೋಮವಾರದಿಂದ ಗೋಪಣ್ಣನನ್ನು ಗೇಟಿಗೆ ಹಾಕಿದರು. ಗೇಟಿನಲ್ಲಿ ನೆರಳಿಲ್ಲ. ಇರಲಿ, ಮಾಡಿದ್ದನ್ನು ಉಣ್ಣಲಿ.

ಎ.ಸಿ. ಕಾಗದಕ್ಕೆ ಸಹಿ ಏಪ್ರಿಲ್ ನಾಲ್ಕಕ್ಕೆ. ಅಂದರೆ ನನಗೆ ಇನ್ನೂ ಹದಿನಾಲ್ಕು ದಿನ ಇವೆ. ಕೂಲರ್ ತೆಗೆಯಲು ನಾನು ಬಿಡಲಿಲ್ಲ. ಇಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

ಮಾರ್ಚ್ 24, ಸೋಮವಾರ

ಹೇಗೆ ಬರೆಯಲಿ? ಬರೆಯಲೇಬೇಕು.

ಗೋಪಣ್ಣ ಬೆಳಗ್ಗೆಯಿಂದ ಗೇಟಿನಲ್ಲಿದ್ದ, ಒಂದು ಸಲವೂ ಒಳಗೆ ಬರಲಿಲ್ಲ. ಹನ್ನೆರಡಕ್ಕೆ ಪಾಠಕ್ಕೆ ಹೋದಾಗ ಕಿಟಕಿ ತೆರೆದಿದ್ದವು. ಮೂರಕ್ಕೆ ಹೋದಾಗ ಮುಚ್ಚಿದ್ದವು. ಮಕ್ಕಳ ಕಡೆ ತಿರುಗಿ ಕೇಳಿದೆ, ಯಾರು ಮುಚ್ಚಿದ್ದು, ಹೆದರಬೇಡಿ, ನಿಜ ಹೇಳಿ ಎಂದು. ರೋಜಾ ಎದ್ದು ನಿಂತಳು.

"ನೀವಽ ಮುಚ್ಚೀರಲ್ರಿ ಟೀಚರ."

"ನಾನು? ಯಾವಾಗ?"

"ದಿನಾ ಮುಚ್ಚತೀರ್ರಿ. ಬಂದು ಚೀಲಾ ಇಡ್ತೀರಿ, ಕಿಟಕಿ ಮುಚ್ಚತೀರಿ, ಆಮ್ಯಾಲೆ ಹಾಜರಿ ಕರೀತೀರಿ. ಅವತ್ತ ಗೋಪಣ್ಣಗ ಬೈದಾಗ ಹೇಳಬೇಕಂದ್ನಿ. ಪುಸ್ತಕಾ ನೋಡಂದ್ರಿ."

ಸುಳ್ಳು ಹೇಳಬೇಡ ಎಂದು ಕೂರಿಸಿದೆ. ಸಿಟ್ಟಿನಲ್ಲೇ ಮನೆಗೆ ಬಂದೆ. ಒಳಕೋಣೆಯಲ್ಲಿ ಅವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಎಪ್ಪತ್ತಾದರೂ ದಿನಕ್ಕೆ ಒಂದು ಮೊಳವಾದರೂ ನೇಯದಿದ್ದರೆ ಸಾವಂತ್ರೆವ್ವನಿಗೆ ಅನ್ನ ಸೇರುವುದಿಲ್ಲ. ನಾನು ಒಳಗೆ ಹೋದೆ, ಚೀಲ ಇಟ್ಟೆ, ಮಾತಾಡುತ್ತಲೇ ಕೈ ಚಾಚಿ ಕಿಟಕಿ ಎಳೆದೆ. ಎಳೆದ ಮೇಲೆ ನನ್ನ ಕೈ ನನಗೆ ಕಂಡಿತು.

"ಅವ್ವಾ, ನಾ ಈಗ ಕಿಟಕಿ ಯಾಕ ಮುಚ್ಚಿದೆ?"

ಅವ್ವ ಲಾಳಿ ನಿಲ್ಲಿಸಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಇದೇನ ಕೇಳ್ತಿಲೇ? ಒಣಾ ಗಾಳಿ ಬಡದ್ರ ಹಾಸಿನ ಎಳಿ ಕಡೀತಾವ. ಮಗ್ಗದ ಮನಿಗೆ ಬಂದಾಕಿ ಮೊದಲು ಕಿಟಕಿ ಮುಚ್ಚಬೇಕಂತ ನಿನಗ ಆರು ವರ್ಷದಾಕಿದ್ದಾಗ ಹೊಡದು ಕಲಿಸೇನಿ. ಮರತೇನು?"

ಮರೆತಿರಲಿಲ್ಲ. ಅದೇ ತೊಂದರೆ. ಈ ದಿನಚರಿಯನ್ನೇ ಹಿಂದಕ್ಕೆ ತಿರುವಿದೆ. ಹನ್ನೆರಡನೆಯ ತಾರೀಕಿನ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, 'ಕಿಟಕಿ ಎಳೆದುಕೊಂಡೆ' ಎಂದಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುವುದು ಇದಕ್ಕೇ. ಹುಡುಕಿದ್ದಷ್ಟೇ ಆಗಿದ್ದರೆ ನಗಬಹುದಿತ್ತು. ಒಬ್ಬ ಮನುಷ್ಯನನ್ನು ಮಕ್ಕಳ ಮುಂದೆ ಲಂಚ ತಿಂದವನೆಂದು ಬೈದು, ಬಿಸಿಲಿಗೆ ನಿಲ್ಲಿಸಿದ್ದೇನೆ.

ಮಾರ್ಚ್ 25, ಮಂಗಳವಾರ

ಬೈದದ್ದು ಮಕ್ಕಳ ಮುಂದೆ, ಹಾಗಾಗಿ ತಪ್ಪೊಪ್ಪಿಕೊಂಡದ್ದೂ ಮಕ್ಕಳ ಮುಂದೆಯೇ. ಗೋಪಣ್ಣನವರನ್ನು ಗೇಟಿನಿಂದ ಕರೆದುಕೊಂಡು ಬಂದೆ. ರೋಜಾ ಹೇಳಿದ್ದು ನಿಜ, ಮುಚ್ಚಿದ್ದು ನಾನು, ಬೈದದ್ದು ತಪ್ಪಾಯಿತು ಎಂದೆ.

ಅವರು ತಲೆ ಕೆರೆದುಕೊಂಡರು. "ಪೂರಾ ನಿಮ್ಮದಽ ಅಲ್ರಿ ಅಕ್ಕಾರ. ನೀರು ತುಂಬಾಕ ಬಂದಾಗ ನಾನೂ ಎರಡು ಸಲಾ ಮುಚ್ಚೇನಿ. ಮುಚ್ಚಿ, ಗೇಟಿನ ತನಕಾ ಹೋಗಿ, ನೆನಪಾಗಿ ಓಡಿ ಬಂದು ತಗದೇನಿ. ಅದಕ್ಕಽ ನೀವು ಬೈಯೂ ಮುಂದ ಸುಮ್ಮನಿದ್ದೆ. ಇದೂ ನಂದಽ ಇರಬೇಕು ಅನ್ನಿಸ್ತು."

ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. ಆಮೇಲೆ ಇನ್ನೊಬ್ಬ. ನೋಡುತ್ತಾ ನೋಡುತ್ತಾ ಅರ್ಧ ತರಗತಿಯ ಕೈ ಮೇಲಿದ್ದವು. ಎಲ್ಲರೂ ಒಂದಲ್ಲ ಒಂದು ದಿನ ಆ ಕಿಟಕಿ ಮುಚ್ಚಿದವರೇ, ಎಲ್ಲರೂ ಮಗ್ಗದ ಮನೆಯವರೇ. ಮೊದಲು ಗೋಪಣ್ಣನವರಿಗೆ ನಗು ಬಂತು, ಆಮೇಲೆ ಎಲ್ಲರಿಗೂ.

ಮಾರ್ಚ್ 26, ಬುಧವಾರ

ಕಿಟಕಿಗೆ ಚೀಟಿ ಅಂಟಿಸಿದೆ, 'ಮುಚ್ಚಬಾರದು' ಎಂದು. ಮಧ್ಯಾಹ್ನ ಆ ಚೀಟಿ ನೋಡುತ್ತಲೇ ಮುಚ್ಚಿದೆ. ಕಿಟಕಿಯ ಬಾಗಿಲನ್ನೇ ಕಿತ್ತುಹಾಕೋಣ ಎಂದೆ. ಧೂಳು ಬರುತ್ತದೆ, ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ ಎಂದು ಅಝೀಮ ಒಪ್ಪಲಿಲ್ಲ. ಉಪವಾಸದಲ್ಲೂ ಬಂದು ನಮ್ಮ ಜೊತೆ ತಲೆ ಕೆಡಿಸಿಕೊಂಡು ಕೂತಿದ್ದರು ಪಾಪ.

ಗಂಟು ಬಿಡಿಸಿದವರು ಗೋಪಣ್ಣನವರು. "ಮಗ್ಗದ ಮನ್ಯಾಗ ಕಿಟಕಿ ಮುಚ್ಚಿದ್ರೂ ಉಸರ ಕಟ್ಟತಿರಲಿಲ್ಲಲ್ರಿ ಅಕ್ಕಾರ. ಯಾಕ? ಮ್ಯಾಲೆ ಮಾಳಗಿಗೆ ಬೆಳಕಿಂಡಿ ಇರತಿತ್ತು. ಅದಕ್ಕ ಯಾರ ಕೈ ಎಟಕ್ತಿತ್ತು? ಗಾಳಿ ಹೋಗೂ ಹಾದೀನ ಕೈಗೆ ಸಿಗದಂಗ ಮ್ಯಾಲೆ ಇಡ್ರಿ. ಕಿಟಕಿ ಮುಚ್ಚಾವ್ರು ಮುಚ್ಚಿಕೋತ ಕುಂಡ್ರಲಿ."

ನಾನು, ಅಝೀಮ ಇಬ್ಬರೂ ಮೇಲೆ ನೋಡಿದೆವು. ಎದುರು ಗೋಡೆಯಲ್ಲಿ ಚಾವಣಿಯ ಕೆಳಗೆ ಮೂರು ಕಿಂಡಿಗಳಿವೆ. ಪಾರಿವಾಳ ಗೂಡು ಕಟ್ಟುತ್ತವೆಂದು ಯಾವ ಕಾಲದಲ್ಲೋ ಇಟ್ಟಿಗೆ ಹಾಕಿ ಮುಚ್ಚಿದ್ದು. ಹದಿನಾರು ವರ್ಷ ಆ ಗೋಡೆಯ ಮುಂದೆ ನಿಂತು ಗಾಳಿಯ ಪಾಠ ಹೇಳಿದ ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ, ಹೊರಹೋಗುವ ಹಾದಿ ಅಲ್ಲೇ ಇರಬೇಕು. ಸಂಜೆಯೇ ಅಝೀಮ ಇಟ್ಟಿಗೆ ಕಿತ್ತು ತಂತಿಯ ಜಾಳಿಗೆ ಹಾಕಿದರು. ಗೋಪಣ್ಣನವರು ಏಣಿ ಹಿಡಿದರು, ನಾನು ಇಟ್ಟಿಗೆ ಹೊತ್ತೆ. ಸೀರೆಯೆಲ್ಲ ಕೆಂಪು ಮಣ್ಣು.

ಮಾರ್ಚ್ 28, ಶುಕ್ರವಾರ

ಪರೀಕ್ಷೆ ನಡೆದಿದೆ. ಎರಡೂ ಕಿಟಕಿ ಮುಚ್ಚಿಯೇ ಇದ್ದವು. ಹೊರಗೆ ಮೂವತ್ತೆಂಟು, ಒಳಗೆ ಇಪ್ಪತ್ತೊಂಬತ್ತು. ಉತ್ತರ ಪತ್ರಿಕೆಗಳು ಗರಿಗರಿಯಾಗಿವೆ. ಕಿಂಡಿಯ ಹತ್ತಿರ ಒಂದು ನೂಲಿನ ಎಳೆ ಕಟ್ಟಿದ್ದೆ. ಮೂರು ತಾಸೂ ಅದು ಹೊರಗಿನ ಕಡೆಗೇ ಹಾರುತ್ತಿತ್ತು.

ಪರೀಕ್ಷೆ ಬರೆಯುವಾಗ ಯಾರ ಮೂಗಿನಲ್ಲೂ ರಕ್ತ ಬರಲಿಲ್ಲ. ಪಕ್ಕದ ಆರನೆಯ ತರಗತಿಯಲ್ಲಿ ಇಬ್ಬರಿಗೆ ಬಂತು. ಅವರನ್ನು ಕರೆತಂದು ರೋಜಾಳ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಅವರಲ್ಲೊಬ್ಬ ಹುಡುಗಿ ನನ್ನ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. ಮಿಕ್ಕ ಹನ್ನೊಂದು ಕೋಣೆಗಳಿಗೂ ಹೋಗಿ, ರಕ್ತ ಬಂದ ಮಕ್ಕಳ ಹೆಸರನ್ನೆಲ್ಲ ಬರೆದುಕೊಂಡೆ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ. ಕೋಣೆಯ ಕಥೆಯನ್ನೆಲ್ಲ ಅವ್ವನಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಗೋಪಣ್ಣ ಅವ್ವನ ತವರಿನ ಓಣಿಯವರಂತೆ, ಒಂದು ಕಾಲಕ್ಕೆ ಅವರು ನೇಯ್ದ ಸೀರೆಯ ಅಂಚು ನೋಡಲು ಜನ ನಿಲ್ಲುತ್ತಿದ್ದರಂತೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹೋಳಿಗೆ ಕಟ್ಟಿಸಿಕೊಂಡು ಅವರ ಮನೆಗೆ ಕೊಟ್ಟು ಬಂದೆ.

ಏಪ್ರಿಲ್ 2, ಬುಧವಾರ

ಅಧ್ಯಕ್ಷರ ಬಟ್ಟೆ ಅಂಗಡಿಗೆ ಹೋದೆ. ನಾಡಿದ್ದು ಸಹಿ ಮಾಡುವ ಮೊದಲು ಒಂದು ತಾಸು ಬಂದು ಕೂರಬೇಕು ಎಂದು ಕೇಳಿದೆ. ಕುಂಡ್ರಿ ಎಂದು ಚಹಾ ತರಿಸಿದರು. ಕೇಳಿಸಿಕೊಂಡರು. ಆಮೇಲೆ ಸರಿಯಾದ ಜಾಗಕ್ಕೇ ಕೈ ಹಾಕಿದರು.

"ನೀರು ಎಲ್ಲಿಂದ ತರ್ತೀರಿ? ಹಮ್ಮಿಗಿಯಿಂದ ಬರೂ ಹೊಳಿ ನೀರು ನಮ್ಮ ಓಣಿಗೆ ವಾರಕ್ಕೊಮ್ಮೆ. ಕುಡಿಯೂ ನೀರು ಗಾಳಿಗೆ ಹಾಕಿದ್ರ ಮಂದಿ ಬಿಡ್ತಾರೇನ್ರಿ?"

ಈ ಪ್ರಶ್ನೆಗೆ ನಾನು ಸಿದ್ಧಳಾಗಿದ್ದೆ. ಹಸಿರು ಅರ್ಜಿಗಾಗಿ ಹೇಗೂ ಮಾಳಿಗೆಯ ಮಳೆನೀರಿಗೆ ಒಂದು ಲಕ್ಷ ಲೀಟರಿನ ನೆಲಟಾಕಿ ಕಟ್ಟಲೇಬೇಕು. ಶಾಲೆ ನಡೆಯುವ ಬಿಸಿಲಿನ ದಿನಗಳು ಐವತ್ತು. ಇಪ್ಪತ್ತು ಕೋಣೆಗೆ ದಿನಕ್ಕೆ ಸಾವಿರದ ಮುನ್ನೂರು ಲೀಟರ್. ಟಾಕಿಯ ಮುಕ್ಕಾಲೂ ಖಾಲಿಯಾಗುವುದಿಲ್ಲ. ಅವರು ಬೆರಳಲ್ಲಿ ಗುಣಿಸಿ ನೋಡಿ ಹೂಂ ಎಂದರು.

"ಬರ್ತೇನಿ. ಆದ್ರ ಒಂದು ಮಾತು. ಕಿಟಕಿ ನೀವು ಮುಚ್ಚಿದ್ದು ಅಂತ ಸಭಾದಾಗ ಹೇಳಬ್ಯಾಡ್ರಿ. ಗೋಪಣ್ಣನ ತಪ್ಪು ಅಂತ ಬರದೇತಿ, ಹಂಗಽ ಇರ್ಲಿ. ಹೆಡ್ ಮೇಡಂ ಕುರ್ಚಿಗೆ ನಿಮ್ಮ ಹೆಸರು ಇಡಾಂವ ನಾನು. ತನ್ನ ಕೈ ತಾನಽ ಅರೀದಾಕಿ ಸಾಲಿ ಹೆಂಗ ನಡಸ್ತಾಳ ಅಂತ ಸಕ್ರಪ್ಪ ಕೇಳಿದ್ರ ನಾ ಏನ ಹೇಳ್ಲಿ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಚಹಾದ ಕಪ್ಪು ಕೆಳಗಿಟ್ಟೆ. ಆಮೇಲೆ, ಯಾರು ಮುಚ್ಚಿದ್ದು ಎಂದು ಹೇಳದೆ ಕಿಂಡಿ ಯಾಕೆ ಬೇಕು ಎಂದು ಹೇಗೆ ಹೇಳಲಿ ಎಂದು ಕೇಳಿದೆ. ಅವರು ಗಿರಾಕಿಯ ಕಡೆ ತಿರುಗಿದರು.

ಏಪ್ರಿಲ್ 4, ಶುಕ್ರವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಒಂದೂವರೆಗೆ ಎಲ್ಲರೂ ಬಂದರು, ಅಜಯಕುಮಾರರೂ ಬಂದರು. ನಾನು ಮೊದಲು ನಡಾವಳಿ ಪುಸ್ತಕ ಕೇಳಿದೆ. 'ಜವಾನನ ನಿರ್ಲಕ್ಷ್ಯ' ಎಂಬುದನ್ನು ಹೊಡೆದುಹಾಕಿ, ಮುಚ್ಚಿದವಳು ವಿದ್ಯಾಶ್ರೀ ಎಂದು ಬರೆಯಿರಿ ಎಂದೆ. ಯಾಕೆ ಮುಚ್ಚಿದೆ ಎಂದೂ ಹೇಳಿದೆ. ಸಕ್ರಪ್ಪನವರು ಏನೋ ಅನ್ನಲು ಹೊರಟರು. ಅಷ್ಟರಲ್ಲಿ ಅವರೇ ಎದ್ದು ಹೋಗಿ ಕಿಟಕಿ ಎಳೆದು ಬಂದು ಕೂತಿದ್ದನ್ನು ಮಕ್ಕಳು ನೋಡಿಬಿಟ್ಟರು. ಇಡೀ ಕೋಣೆ ಗೊಳ್ಳೆಂದಿತು. ಅವರದೂ ಮಗ್ಗದ ಮನೆಯೇ. ಆಮೇಲೆ ಅವರು ಗಾದೆ ಹೇಳಲಿಲ್ಲ.

ಒಂದು ತಾಸು ಕೂರಬೇಕು ಎಂಬುದು ಒಪ್ಪಂದ. ನಾನು ಥರ್ಮಾಮೀಟರ್ ತೋರಿಸುತ್ತಾ, ಲೆಕ್ಕ ಹೇಳುತ್ತಾ ಇದ್ದೆ. ಅರ್ಧ ತಾಸಿಗೆ ಹಿಂದಿನ ಬೆಂಚಿನಿಂದ ಗೊರಕೆ ಕೇಳಿತು. ಅಧ್ಯಕ್ಷ ಪ್ರಭುಲಿಂಗಪ್ಪನವರು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಪಶ್ಚಿಮದ ಕೋಣೆ. ಯಾರೂ ಎಬ್ಬಿಸಲಿಲ್ಲ. ಎಚ್ಚರಾದಾಗ ಮೊದಲು ಕುತ್ತಿಗೆ ಮುಟ್ಟಿ ನೋಡಿಕೊಂಡರು. ಒಣಗಿತ್ತು.

"ಆತ್ ಬಿಡ್ರಿ, ಗೆದ್ರಿ," ಎಂದರು.

ಗೆದ್ದೆ ಎಂದು ಕೂರಲು ಆಗಲಿಲ್ಲ. ಹೊಸ ಕಟ್ಟಡ ತೆರೆಯುವ ಜೂನ್ ಒಂದಕ್ಕೆ ಹನ್ನೆರಡು ಯಂತ್ರಕ್ಕಿಂತ ಹೆಚ್ಚು ತನ್ನಿಂದ ಆಗದು, ಉಳಿದವು ಮುಂದಿನ ಬೇಸಿಗೆಗೆ ಎಂದು ಅಝೀಮ ಮೊದಲೇ ಹೇಳಿದ್ದರು. ಅಧ್ಯಕ್ಷರು ಕೂಡಲೇ ಹಂಚಿದರು.

"ಎಂಟು ಪೂರ್ವಕ್ಕ ಹಾಕ್ರಿ, ಉಳದ ನಾಕು ಪಶ್ಚಿಮಕ್ಕ. ಎ.ಸಿ. ಬರತೈತಿ ಅಂತ ಇಂಗ್ಲಿಷ್ ಪಾಲಕರಿಗೆ ಹೇಳಿಬಿಟ್ಟೇನಿ. ಬರೇ ಫ್ಯಾನ್ ಅಂದ್ರ ಸುಮ್ಮನ ಬಿಡ್ತಾರೇನು?"

"ಹನ್ನೆರಡೂ ಪಶ್ಚಿಮಕ್ಕಽ ಹೋಗಬೇಕ್ರಿ."

"ಟೀಚರ, ಹಟಾ ಮಾಡಬ್ಯಾಡ್ರಿ. ಅರ್ಧಾ ಗೆದ್ದೀರಿ, ಸಾಕು."

"ಅರ್ಧಾ ಅಲ್ರಿ ಅದು. ಪೂರ್ವಕ್ಕ ಹನ್ನೊಂದು ಗಂಟೇಕ್ಕ ಬಿಸಲು ಹೋಗತೈತಿ, ಮುಂದ ಬೇವಿನ ಗಿಡದ ನೆಳ್ಳೈತಿ. ಮೂಗಿನ್ಯಾಗ ರಕ್ತ ಬಂದ ಹುಡುಗರ ಹೆಸರು ನನ್ನ ಹಂತೇಕ ಅದಾವ, ಹತ್ತೊಂಬತ್ತು. ಒಂದೂ ಪೂರ್ವದ ಖೋಲೀದಲ್ಲ. ಪಾಲಕರು ಬರ್ಲಿ. ಮಧ್ಯಾಹ್ನ ಎರಡಕ್ಕ ಬರಾಕ ಹೇಳ್ರಿ. ಪಶ್ಚಿಮದ ಆರನೇ ಕ್ಲಾಸಿನ ಖೋಲ್ಯಾಗ ಅರ್ಧಾ ತಾಸು ಕುಂಡ್ರಸ್ತೇನಿ. ಆಮ್ಯಾಲೂ ಮೊದಲ ನಮಗಽ ಕೊಡ್ರಿ ಅಂದ್ರ ನಾ ಸುಮ್ಮನಾಗ್ತೇನಿ."

ನನ್ನ ದನಿ ಬಹಳ ಏರಿತ್ತು ಎಂದು ಆಗ ಗೊತ್ತಾಯಿತು. ಅಜಯಕುಮಾರರು ಕನ್ನಡಕ ಒರೆಸಿಕೊಂಡು, ಬಿಸಿಲಿನ ಲೆಕ್ಕದಲ್ಲಿ ಟೀಚರ್ ಹೇಳಿದ್ದೇ ಸರಿ, ಪ್ರಮಾಣಪತ್ರದವರೂ ಅದನ್ನೇ ಕೇಳುತ್ತಾರೆ ಎಂದರು. ಅಧ್ಯಕ್ಷರು ನಡಾವಳಿ ಪುಸ್ತಕವನ್ನು ಸಕ್ರಪ್ಪನವರ ಕಡೆ ತಳ್ಳಿದರು.

"ಬರೀರಿ," ಎಂದರು ಕೊನೆಗೆ, "ಹನ್ನೆರಡೂ ಪಶ್ಚಿಮಕ್ಕ." ಎದ್ದು ಹೋಗುವಾಗ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 8, ಮಂಗಳವಾರ

ಅಝೀಮ ಕೆಲಸ ಶುರುಮಾಡಿದ್ದಾರೆ. ಹೊಸ ಕಟ್ಟಡದಲ್ಲಿ ಕಿಂಡಿ ಎಷ್ಟು ಎತ್ತರಕ್ಕೆ ಇರಬೇಕು ಎಂದು ಗೋಪಣ್ಣನವರು ಗೋಡೆ ಕಟ್ಟುವ ಗೌಂಡಿಗಳಿಗೆ ನಿಂತು ತೋರಿಸುತ್ತಿದ್ದರು. ಕೈ ಮೇಲೆತ್ತಿ, ಹಿಮ್ಮಡಿ ಎತ್ತಿ, ಕೊನೆಗೆ ಎಗರಿ ನೋಡಿದರು. ಎಟಕಲಿಲ್ಲ. "ಇಲ್ಲೇ ಇರ್ಲಿ," ಎಂದರು.

ಏಪ್ರಿಲ್ 9, ಬುಧವಾರ

ಶಾಲೆಯ ಕೊನೆಯ ದಿನ. ಮಕ್ಕಳು ಹೋದ ಮೇಲೆ ಖಾಲಿ ತರಗತಿಯಲ್ಲಿ ಕೂತು ಅರ್ಜಿ ಮುಗಿಸಿದೆ. ಹೆಡ್ ಮೇಡಂ ಆಗಿ ಲಕ್ಷ್ಮೇಶ್ವರದ ಕಡೆಯ ಭುವನೇಶ್ವರಿ ಎಂಬುವರು ಬರುತ್ತಾರಂತೆ. ಸಕ್ರಪ್ಪನವರು ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು. ಹೌದಾ ಎಂದೆ. ಅರ್ಜಿಯ ಇನ್ನೂ ಆರು ಪುಟ ಬಾಕಿ ಇತ್ತು, ಟಪಾಲು ಐದಕ್ಕೆ ಹೋಗುತ್ತದೆ.

ಬಿಸಿ ಮಾಡುವ ವ್ಯವಸ್ಥೆ: ಅಗತ್ಯವಿಲ್ಲ. ತಂಪು ಮಾಡುವ ವ್ಯವಸ್ಥೆ: ನೀರಿನ ಕೂಲರ್, ಗಾಳಿ ಹೊರಹೋಗಲು ಚಾವಣಿಯ ಕೆಳಗೆ ಮುಚ್ಚಲಾಗದ ಕಿಂಡಿ. ವಿನ್ಯಾಸ ಸೂಚಿಸಿದವರು ಎಂಬಲ್ಲಿ ಗೋಪಣ್ಣನವರ ಪೂರ್ತಿ ಹೆಸರು ಕೇಳಿಕೊಂಡು ಬಂದು ಬರೆದೆ. ಉದ್ಯೋಗ ಎಂಬಲ್ಲಿ ಏನು ಹಾಕಲಿ ಎಂದರೆ, ಸ್ವಲ್ಪ ಯೋಚಿಸಿ, "ನೇಕಾರ ಅಂತ ಹಾಕ್ರಿ," ಎಂದರು. ಒಂದರಿಂದ ಹನ್ನೆರಡರವರೆಗೆ ಕೋಣೆಗಳ ಮುಂದೆ ಒಂದೊಂದಾಗಿ ಟಿಕ್ ಹಾಕಿದೆ. ಎಂಟನೆಯದು, ಜೂನ್‌ನಿಂದ, ರೋಜಾಳದು.

ಕೊನೆಯ ಪುಟ ಸುಲಭ ಎಂದುಕೊಂಡಿದ್ದೆ. 'ಮೊದಲ ವರ್ಷ ತಂಪು ವ್ಯವಸ್ಥೆ ಇಲ್ಲದ ಕೋಣೆಗಳು, ಅಲ್ಲಿನ ವರ್ಗಶಿಕ್ಷಕರ ಹೆಸರು.' ಪೂರ್ವದ ಮೊದಲ ಕೋಣೆ, ಹದಿಮೂರು ಎಂದು ಬರೆದು, ಮುಂದಿನ ವರ್ಷದ ವರ್ಗಶಿಕ್ಷಕರ ಪಟ್ಟಿ ತೆಗೆದು ಯಾರ ಕೋಣೆ ಎಂದು ನೋಡಿದೆ. ಏಳನೆಯ ಇಂಗ್ಲಿಷ್. ನನ್ನದು.

ವಿದ್ಯಾಶ್ರೀ ಎಂದು ಬರೆದು, ಹದಿನಾಲ್ಕಕ್ಕೆ ಹೋದೆ.